ಡಾಕ್ಟರ್ ವಿನ್‌ಕೋಟನ ಶಿಷ್ಯ

ಡಾಕ್ಟರ್ ಪಂಚಾಕ್ಷರಯ್ಯನವರು ಯಾರನ್ನೇ ಕಾಣಲಿ, ಮೊದಲು ನೋಡುವುದು ಮುಖವನ್ನಲ್ಲ, ಕೈಯನ್ನು. ಮನೆ ಹತ್ತಿರದ ವೆಸ್ಟ್‌ಮೀಡ್ ರೈಲು ಸ್ಟೇಷನ್ನಿನಲ್ಲಿ ಎದುರಾದವರು ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಅವರ ಉಗುರಿನ ಬಣ್ಣ, ಬೆರಳಿನ ನಡುಕಗಳ ಪರಾಮರ್ಶೆ ಮುಗಿದಿರುತ್ತದೆ. ಮೊಣಕೈ ಸವೆದ ಕಂದು ಕೋಟು, ಎಡಕ್ಕೆ ತುಸು ವಾಲುವ ನಡಿಗೆ, ಮಾತಿಗೊಮ್ಮೆ "ನೋಡೋಣ, ನೋಡೋಣ". ನಿವೃತ್ತರಾದ ಮೇಲೂ ವೈದ್ಯವೃತ್ತಿ ಅವರನ್ನು ಬಿಟ್ಟಿಲ್ಲ.

ಈ ಕಣ್ಣನ್ನು ಅವರಿಗೆ ದಯಪಾಲಿಸಿದವನು ವಿಕ್ಟೋರಿಯಾ ರಾಣಿಯ ಕಾಲದ ವಿನ್‌ಕೋಟ್ ಎಂಬ ಲಂಡನ್ ವೈದ್ಯ. ಮೆಲ್ಬರ್ನಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಅವನ ವೈದ್ಯಬರಹಗಳ ಸಂಪುಟವನ್ನು ಅವರು ನಿತ್ಯ ಬೆಳಿಗ್ಗೆ ಕಣ್ಣಿಗೊತ್ತಿಕೊಂಡೇ ತೆರೆಯುತ್ತಿದ್ದರು; ಅದರಲ್ಲಿ ಒಂದು ಪೆನ್ಸಿಲ್ ಗೆರೆಯನ್ನೂ ಎಳೆದವರಲ್ಲ. "ಗುರುವಿನ ಮೈಮೇಲೆ ಗೀಚ್ತಾರೇನ್ರೀ?" ಎನ್ನುವರು. ಹೆಂಡತಿ ರುದ್ರಾಣಿಯವರೋ, "ಬಿಳೀ ಸ್ವಾಮಿಗಳ ಪೂಜೆ ಆಯ್ತಾ?" ಎಂದು ಕಾಫಿ ತರುವರು. ಯಂತ್ರಗಳಿಲ್ಲದ ಕಾಲದಲ್ಲಿ ವಿನ್‌ಕೋಟ್ ಕಣ್ಣಾರೆ ಕಂಡು ಬರೆದಿದ್ದ: ಹೃದಯ ನೊಂದವನ ಮುಷ್ಟಿ ಎದೆಯ ಮೇಲೆ ಬಿಗಿಯುತ್ತದೆ. ಹೆಂಗಸರು ಹೇಳಿಕೊಳ್ಳುವ ಸಂಕಟಗಳು ಬಹುತೇಕ ನರದೌರ್ಬಲ್ಯ, ವಿಶ್ರಾಂತಿ ಸಾಕು ಎಂದೂ ಬರೆದಿದ್ದ.

ಕಳೆದ ಚಳಿಗಾಲದ ಒಂದು ಭಾನುವಾರ, ಪೆಂಡಲ್ ಹಿಲ್‌ನ ಅಂಗಡಿಯಿಂದ ತರಕಾರಿ ತಂದ ರುದ್ರಾಣಿ ಕಾಫಿಗೆ ಕೂತವರು ದವಡೆ ಒತ್ತಿಕೊಂಡರು. ಅಂಥ ಚಳಿಯಲ್ಲೂ ಹಣೆ ಬೆವೆತಿತ್ತು.

"ಬೆನ್ನೂ ಹಿಡ್ಕೊಂಡಿದೆ. ಸುಸ್ತು ಅಷ್ಟೇ, ಮಲಗಿದ್ರೆ ಸರಿಹೋಗತ್ತೆ."

ಪಂಚಾಕ್ಷರಯ್ಯನವರು ಆಕೆಯ ಕೈ ನೋಡಿದರು. ಮುಷ್ಟಿಯಿಲ್ಲ, ಬೆರಳುಗಳು ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಹೆಂಗಸರಲ್ಲಿ ಹೃದಯಾಘಾತ ದವಡೆ, ಬೆನ್ನುಗಳ ನೋವಾಗಿಯೂ ಬರುತ್ತದೆಂದು ಇಂದಿನ ವೈದ್ಯಶಾಸ್ತ್ರ ಹೇಳುವುದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ರೋಗಿ ಬೇರೆ ಯಾರೇ ಆಗಿದ್ದರೂ ಅವರು ಕ್ಷಣವೂ ತಡೆಯುತ್ತಿರಲಿಲ್ಲ. ಆದರೆ ಸ್ವಂತ ಮನೆಯಲ್ಲಿ ಹೆದರಿದ ಮನಸ್ಸು ತನಗೆ ಬೇಕಾದ ಸಾಲಿಗೇ ಜೋತುಬೀಳುತ್ತದೆ. ವಿಶ್ರಾಂತಿ ಸಾಕು.

"ನೋಡೋಣ" ಎನ್ನುತ್ತ ಹೊದಿಕೆ ತರಲು ಎದ್ದವರ ಕಣ್ಣಿಗೆ ಲೋಟ ಬಿತ್ತು. ಕಾಫಿಯ ಒಂದು ಹನಿಯನ್ನೂ ಬಿಡದ ರುದ್ರಾಣಿ ಅರ್ಧ ಲೋಟ ಬಿಟ್ಟಿದ್ದರು. ರೋಗಿಗಿಂತ ಮೊದಲು ಅವನ ಮನೆ ಮಾತಾಡುತ್ತದೆ, ಸುತ್ತ ನೋಡು ಎಂದೂ ಅದೇ ಪುಸ್ತಕ ಹೇಳಿತ್ತು.

ತುರ್ತು ಸೇವೆಯ ಟ್ರಿಪಲ್ ಝೀರೋ ನಂಬರಿಗೆ ಫೋನ್ ಮಾಡಿ ಬಂದು, "ಈ ಆಸ್ಪಿರಿನ್ ಅಗಿ, ರುದ್ರಾ" ಎಂದರು.

"ಇಷ್ಟಕ್ಕೆಲ್ಲ ಆಂಬುಲೆನ್ಸಾ? ಪಕ್ಕದ ಫ್ಲಾಟಿನವ್ರು ಏನಂದ್ಕೋತಾರೆ?"

"ಬಾಯ್ಮುಚ್ಚು" ಎಂದರು, ಹೆಂಡತಿಗೆ ಎಂದೂ ಹಾಗನ್ನದವರು. ವಾಹನ ಬರುವವರೆಗೆ ಆಕೆಯ ಮಣಿಕಟ್ಟು ಹಿಡಿದು ಕೂತರು. ನಾಡಿ ಎಣಿಸುವುದೇ ಮರೆತುಹೋಗಿತ್ತು. ಸಂಜೆ, ಮುಚ್ಚಿದ್ದ ಹೃದಯದ ರಕ್ತನಾಳವನ್ನು ತೆರೆದ ಯುವ ವೈದ್ಯೆ, ತಡಮಾಡದೆ ಕರೆತಂದಿರೆಂದು ಮೆಚ್ಚಿದಾಗ ಅವರು ತಲೆತಗ್ಗಿಸಿದರು.

ರುದ್ರಾಣಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಪುಸ್ತಕವನ್ನು ಎಂದಿನಂತೆ ಕಣ್ಣಿಗೊತ್ತಿಕೊಂಡರು. ಆಮೇಲೆ ಪೆನ್ನು ತೆಗೆದು, ಹೆಂಗಸರ ಕುರಿತ ಆ ಸಾಲನ್ನು ಹೊಡೆದುಹಾಕಿದರು.

"ಸ್ವಾಮಿಗಳ ಮೇಲೇ ಪೆನ್ನಾ?" ಎಂದರು ರುದ್ರಾಣಿ.

"ಇವತ್ತಿದ್ದಿದ್ರೆ ಅವನೇ ಈ ಸಾಲನ್ನ ಹೊಡೆದುಹಾಕ್ತಿದ್ದ."

ಗುರುವನ್ನು ಪೂಜಿಸುವವರು ಬೇಕಾದಷ್ಟು ಮಂದಿ, ಹಳಿಯುವವರಿಗೂ ಬರವಿಲ್ಲ; ಕಣ್ಣಿಗೊತ್ತಿಕೊಂಡ ಪುಸ್ತಕವನ್ನೇ ತಿದ್ದಬಲ್ಲ ಶಿಷ್ಯರು ಅಪರೂಪ. ಗುರು ಬದುಕಿ ಉಳಿಯುವುದು ಅಂಥವರಿಂದ. ಒಮ್ಮೊಮ್ಮೆ ಹೆಂಡತಿಯೂ.