ಅಲ್ಲಿ ನೋಡಲಿಕ್ಕೆ ಎಂತ ಉಂಟು?

ಲೂರ್ದ್ ಬರೆದ ಒಂದು ಸಾಲು ಬೆಟ್ಟಿಯ ತಲೆಗೇರಿ ಕುಳಿತದ್ದು ವಾರ ಕಳೆದರೂ ಇಳಿದಿರಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಕೊನೆಗೊಂದು ನಗುಮುಖ ಅಂಟಿಸಿ ಬರೆದಿದ್ದಳು: "ಮದೀನತ್ ಜಾಯೆದಿಗೆ ಬಂದು ಮಾಡುವುದೆಂತ ಬಾಯ್? ಅಲ್ಲಿ ನೋಡಲಿಕ್ಕೆ ಎಂತ ಉಂಟು, ತಿನ್ನಲಿಕ್ಕೆ ಎಂತ ಉಂಟು?"

ಬಾಯ್ ಅಂದರೆ ಅಕ್ಕ. ಮರ್ಯಾದೆಯ ಮಾತೇ. ಮರ್ಯಾದೆ ಕೊಡುತ್ತಲೇ ಕೆನ್ನೆಗೆ ಬಾರಿಸುವ ವಿದ್ಯೆ ಲೂರ್ದಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬೆಟ್ಟಿಯ ಗಂಡ ಪಾಯ್ಸನ ತಮ್ಮ ನಾರ್ಬರ್ಟನ ಹೆಂಡತಿ. ಮನೆ ದುಬೈಯಲ್ಲಿ, ಕಿಟಕಿ ತೆರೆದರೆ ಮೆಟ್ರೋ ಕಾಣುವ ಕಡೆ. ಬೆಟ್ಟಿ ಮತ್ತು ಪಾಯ್ಸ್ ಇದ್ದದ್ದು ಅಬುಧಾಬಿಯಿಂದಲೂ ಎಷ್ಟೋ ಆಚೆಗೆ, ತೆಂಕಣ ಮರಳಿನ ಅಂಚಿನ ಮದೀನತ್ ಜಾಯೆದ್ ಎಂಬ ಸಣ್ಣ ಪೇಟೆಯಲ್ಲಿ. ಅವಳಿಗೆ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ, ಅವನಿಗೆ ತೈಲ ಕಂಪನಿಯ ಗುತ್ತಿಗೆದಾರರೊಬ್ಬರ ಉಗ್ರಾಣದಲ್ಲಿ.

ಸಿಟ್ಟಿಗೆ ಕಾರಣ ಆ ಸಾಲಷ್ಟೇ ಆಗಿದ್ದರೆ ನಾಲ್ಕು ಪಾತ್ರೆ ಕುಕ್ಕಿ ಮರೆತುಬಿಡುತ್ತಿದ್ದಳು. ಆದರೆ ಇದು ಮೊಂತಿ ಹಬ್ಬದ ಮಾತು. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಹೊಸ ತೆನೆಯ ಹಬ್ಬ. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದ ಭತ್ತದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲಿ ಕಲಸಿ, ಮನೆಯ ಹಿರಿಯರು ಒಬ್ಬೊಬ್ಬರ ಅಂಗೈಗೂ ಒಂದೊಂದು ಚಮಚ ಹಾಕುತ್ತಾರೆ. ಅದಕ್ಕೆ ಹೊಸತು ಉಣ್ಣುವುದು ಎನ್ನುತ್ತಾರೆ. ಆಮೇಲೆ ಬೆಸ ಲೆಕ್ಕದ ತರಕಾರಿ ಪದಾರ್ಥಗಳ ಊಟ. ಆ ದಿನ ಮೀನು ಮಾಂಸದ ಸುದ್ದಿ ಎತ್ತುವ ಹಾಗಿಲ್ಲ. ಹೊಸತನ್ನು ಕೊಡುವ ಕೈ ಕುಟುಂಬಕ್ಕೆ ಒಂದೇ. ಆ ಕೈ ಯಾರದೋ ಅವರೇ ಮನೆಗೆ ದೊಡ್ಡವರು.

ಇಷ್ಟು ವರ್ಷ ಅದು ಮಾಂಯ್, ಅಂದರೆ ಅತ್ತೆಯ ಕೈಯಾಗಿತ್ತು. ಅತ್ತೆ ಇದ್ದದ್ದು ನಾರ್ಬರ್ಟನ ಮನೆಯಲ್ಲಾದ್ದರಿಂದ ಪ್ರತಿ ವರ್ಷ ಬೆಟ್ಟಿಯೇ ಗಂಡನನ್ನೂ ಮಗಳು ಶಾರನ್‌ಳನ್ನೂ ಕರೆದುಕೊಂಡು ದುಬೈಗೆ ಓಡಬೇಕು, ಲೂರ್ದಿನ ಅಡುಗೆಮನೆಯ ಮೂಲೆಯಲ್ಲಿ ನಿಂತು ಹರಿವೆ ದಂಟಿನ ನಾರು ಬಿಡಿಸಬೇಕು, "ನಿಮ್ಮ ಕಡೆ ತರಕಾರಿ ಸಿಗ್ತದಾ ಬಾಯ್, ಅಥವಾ ಖರ್ಜೂರದ್ದೇ ಪಲ್ಯವಾ?" ಎಂಬ ತಮಾಷೆಗೆ ಹಲ್ಲು ಕಿರಿಯಬೇಕು. ಅತ್ತೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಹೋದ ವರ್ಷ ದುಃಖದಲ್ಲಿ ಯಾರೂ ಹಬ್ಬ ಮಾಡಿರಲಿಲ್ಲ. ಈ ವರ್ಷ ಕೊಡುವ ಕೈ ಹಿರಿಯ ಮಗ ಪಾಯ್ಸನದು. ಅದು ಅವನ ಮನೆಯಲ್ಲೇ ಆಗಬೇಕು, ದುಬೈಯವರು ಒಮ್ಮೆಯಾದರೂ ಈ ಹೊಸ್ತಿಲು ದಾಟಬೇಕು. ಬೆಟ್ಟಿ ಬಯಸಿದ್ದು ಇಷ್ಟೇ. ಆದರೆ ಪಾಯ್ಸನಿಗೆ ಯಾವುದೂ ಬೇಕೆಂದು ಅನ್ನಿಸುವುದೇ ಅಪರೂಪ. ಕಾಲ ಮೇಲೆ ಕಲ್ಲು ಹಾಕಿದರೂ "ಹೋಗ್ಲಿ ಬಿಡು" ಎನ್ನುವ ಆಸಾಮಿ ಅವನು.

ಗಲ್ಫಿನಲ್ಲಿ ಹಬ್ಬ ಕೆಲಸದ ದಿನ ಬಿದ್ದರೆ ಮುಂದಿನ ಶುಕ್ರವಾರಕ್ಕೆ ಸರಿಸಿಕೊಳ್ಳುವುದು ವಾಡಿಕೆ. ಆ ವರ್ಷ ಹಬ್ಬ ಮಂಗಳವಾರ ಬಿದ್ದಿತ್ತು. ಶುಕ್ರವಾರ ನಮ್ಮಲ್ಲಿ, ಗುರುವಾರ ಸಂಜೆಗೇ ಬನ್ನಿ ಎಂದು ಬೆಟ್ಟಿ ಬರೆದದ್ದಕ್ಕೆ ಲೂರ್ದಿನ ಆ ಸಾಲು ಉತ್ತರವಾಗಿ ಬಂದದ್ದು. ಪಾಯ್ಸನಿಗೆ ತೋರಿಸಿದರೆ ಅವನು ಎಂದಿನ ಮಾತನ್ನೇ ಹೇಳಿದ. ಬೆಟ್ಟಿ ಹಲ್ಲು ಕಚ್ಚಿ, "ಬನ್ನಿ, ಎಂತ ಉಂಟು ಅಂತ ತೋರಿಸ್ತೇನೆ" ಎಂದು ಬರೆದಳು.

ತೋರಿಸಲು ಇಲ್ಲದೆ ಏನು? ಹದಿನೇಳು ವರ್ಷ ಬಾಳಿದ ಊರು. ಒಂಟೆ ಓಟದ ಅಭ್ಯಾಸ ಮುಗಿಸಿ ಸಂಜೆಗೆ ಸಾಲಾಗಿ ಮರಳುವ ಒಂಟೆಗಳು ದಾಟುವ ತನಕ ಕಾರುಗಳು ನಿಂತು ಕಾಯುವುದು ದುಬೈಯಲ್ಲಿ ಉಂಟೋ? ಲಿವಾ ರಸ್ತೆಯಲ್ಲಿ ಸ್ವಲ್ಪ ಹೋದರೆ ಸಾಕು, ಮರಳು ಮೊದಲು ಹಳದಿ, ಆಮೇಲೆ ಕೇಸರಿ, ಸೂರ್ಯ ಇಳಿಯುವಾಗ ಇಟ್ಟಿಗೆಯ ಕೆಂಪು. ತೋಟಗಳಲ್ಲಿ ಖರ್ಜೂರದ ಕೊಯ್ಲು ಇನ್ನೇನು ಮುಗಿಯುತ್ತ ಬಂದಿತ್ತು. ಇನ್ನು ತಿನ್ನುವುದೋ? ಎದುರಿನ ಮನೆಯ ಆಚುಮ್ಮನ ಮಗ ಜಲೀಲ್ ತನ್ನ ಹೋಟೆಲಿನಲ್ಲಿ ಮಾಡುವ ಪರೋಟ, ಗಟ್ಟಿ ಚಹಾ. ಆಚುಮ್ಮ ಉಳ್ಳಾಲದ ಬ್ಯಾರಿ ಮುದುಕಿ. ಶಾರನ್‌ಳನ್ನು ಹೆತ್ತದ್ದು ಬೆಟ್ಟಿಯಾದರೂ, ರಾತ್ರಿಪಾಳಿಯ ವರ್ಷಗಳಲ್ಲಿ ಎತ್ತಿ ಆಡಿಸಿದ್ದು ಆಕೆ. ರಜೆಗೆ ಊರಿಗೆ ಹೋಗಿದ್ದ ಜಲೀಲನೇ ಬಾಳೆಲೆಯಲ್ಲಿ ಸುತ್ತಿ, ಮುರಿಯದಂತೆ ಕೈಚೀಲದಲ್ಲಿಟ್ಟು ಭತ್ತದ ತೆನೆ ತಂದುಕೊಟ್ಟಿದ್ದ. ಪಾಯ್ಸ್ ಅದನ್ನು ರುವೈಸಿನ ಚರ್ಚಿಗೆ ಒಯ್ದು ಆಶೀರ್ವಾದ ಮಾಡಿಸಿದ್ದ.

ಗುರುವಾರ ಐದಕ್ಕೆ ಕಾರು ಬಂತು. ನಾರ್ಬರ್ಟ್, ಲೂರ್ದ್, ಮಕ್ಕಳು ಶಾನ್ ಮತ್ತು ಆನ್ ಮರಿಯಾ, ಜೊತೆಗೆ ಒಂದು ದೊಡ್ಡ ಐಸ್ ಪೆಟ್ಟಿಗೆ. ಏನು ಸಿಗುತ್ತದೋ ಇಲ್ಲವೋ ಎಂದು ಕುಡಿಯುವ ನೀರನ್ನೂ ಹೊತ್ತು ತಂದಿದ್ದರು. ಬೆಟ್ಟಿ ಆ ನೀರನ್ನು ನೋಡಿದಳು, ಎಲ್ಲರನ್ನೂ ಮತ್ತೆ ಕಾರು ಹತ್ತಿಸಿದಳು.

"ಯಲ್ಲಾ, ಹೊತ್ತು ಕಂತುವ ಮೊದಲು ಹೋಗುವಾ. ಆಮೇಲೆ ಬಂದು ಕಾಲು ಚಾಚಿ."

ಒಂಟೆಗಳು ಅಡ್ಡ ಬಂದಾಗ ಲೂರ್ದ್ ಗಾಜು ಏರಿಸಿ, "ಶೀ, ವಾಸನೆ" ಎಂದಳು. ಮರಳದಿಬ್ಬದ ಬುಡದಲ್ಲಿ ಮಕ್ಕಳು ಮೊದಲು "ಇಟ್ಸ್ ಸೋ ಹಾಟ್" ಎಂದು ಮುಖ ಸಿಂಡರಿಸಿದರೂ, ಶಾರನ್ ಚಪ್ಪಲಿ ಬಿಸಾಡಿ ಓಡಿದ ಮೇಲೆ ಅವರೂ ಓಡಿದರು, ಉರುಳಿದರು, ಕಿವಿಯೊಳಗೆಲ್ಲ ಮರಳು ತುಂಬಿಸಿಕೊಂಡು ಕಿರುಚಾಡಿದರು. ಲೂರ್ದ್ ಮಾತ್ರ ಎಸಿ ಹಾಕಿಸಿಕೊಂಡು ಕಾರಿನಿಂದ ಇಳಿಯಲೇ ಇಲ್ಲ.

"ಇಳಿ ಮಾರಾಯ್ತಿ, ಬಣ್ಣ ನೋಡು" ಎಂದಳು ಬೆಟ್ಟಿ.

"ಇಲ್ಲಿಂದಲೇ ಕಾಣ್ತದಲ್ಲ ಬಾಯ್. ಮರಳು ಮರಳೇ ಅಲ್ಲವಾ?"

ಬೆಟ್ಟಿಯ ಕಿವಿ ಬಿಸಿಯಾಯಿತು. ನಿಮ್ಮ ದುಬೈಯಲ್ಲಿ ಸಮುದ್ರಕ್ಕೆ ಮರಳು ಸುರಿದು ಮಾಡಿದ ದ್ವೀಪವನ್ನು ಬಾಯಿ ಬಿಟ್ಟು ನೋಡ್ತೀರಲ್ಲ, ಅದು ಸಕ್ಕರೆಯೋ ಎಂದು ಕೇಳಬೇಕೆನಿಸಿತು. ನಾಳೆ ಹಬ್ಬ ಎಂದು ನಾಲಗೆ ಕಚ್ಚಿಕೊಂಡಳು. ಜಲೀಲನ ಹೋಟೆಲಿನಲ್ಲಿ ನಾರ್ಬರ್ಟ್ ಮೂರು ಪರೋಟ ತಿಂದ, ನಾಲ್ಕನೆಯದಕ್ಕೆ ಕೈ ಹಾಕಿ ಹೆಂಡತಿಯ ಮುಖ ನೋಡಿ ಹಿಂದೆಗೆದ. ಲೂರ್ದ್ ತಾನು ತಂದ ನೀರನ್ನಷ್ಟೇ ಕುಡಿದಳು. ಪಾಯ್ಸ್ ಇಡೀ ಸಂಜೆ ತಮ್ಮನ ಕಣ್ಣು ತಪ್ಪಿಸುತ್ತ ಓಡಾಡಿದ. ಬೆಟ್ಟಿ ಅದನ್ನು ಗಮನಿಸಿದಳು. ಹಿರಿಯನ ಜಾಗಕ್ಕೆ ಕೂರಲು ಸಂಕೋಚವಿರಬೇಕು ಅಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಬೆಟ್ಟಿ ಎದ್ದವಳೇ ಏಳು ಬಗೆ ಮಾಡಲು ನಿಂತಳು. ಹರಿವೆ ದಂಟು, ಬೆಂಡೆ, ಅಲಸಂಡೆ, ಹೀರೆ, ಹಾಗಲ, ಮುಳ್ಳುಸೌತೆ, ಕಡಲೆ ಹಾಕಿದ ಕೆಸುವಿನ ದಂಟು. ಮೀನಿಲ್ಲದ ದಿನ ಎಂದು ನೆನಪಿಟ್ಟುಕೊಂಡ ಆಚುಮ್ಮ ತೆಂಗಿನಹಾಲಿನಲ್ಲಿ ನೆನೆಸಿದ ಅಕ್ಕಿರೊಟ್ಟಿ ಪತ್ತಿರ್ ಮಾಡಿ ತಂದು, ಅಲ್ಲೇ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು. ಕಾಳು ಪುಡಿ ಮಾಡಿ ಹಾಲಿಗೆ ಹಾಕಿದ ಬಟ್ಟಲು ಮರಿಯಮ್ಮನ ಮೂರ್ತಿಯ ಮುಂದೆ ತಯಾರಿತ್ತು. ಅಷ್ಟರಲ್ಲಿ ಲೂರ್ದ್ ನೈಟಿಯಲ್ಲಿ ಬಂದಳು, ಐಸ್ ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದಳು, ಬೆಟ್ಟಿ ಬೆಂಡೆ ಹುರಿಯಲು ಇಟ್ಟಿದ್ದ ಕಾವಲಿಗೆ ಎಣ್ಣೆ ಬಿಟ್ಟು ಚಿಕನ್ ಸಾಸೇಜ್ ಹಾಕಿದಳು. ಚೊರ್ ಎಂದಿತು.

ಬೆಟ್ಟಿಗೆ ಒಂದು ಕ್ಷಣ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಎಂತ ಇದು? ಮೊಂತಿ ಹಬ್ಬದ ದಿನ ಕೋಳಿಯಾ?"

"ಮಕ್ಕಳಿಗೆ ಬಾಯ್. ಅವಕ್ಕೆ ಹರಿವೆ ದಂಟು ಹೋಗುದಿಲ್ಲ."

"ಹೊಸತು ಉಣ್ಣುವ ಮೊದಲು?"

ಲೂರ್ದ್ ಸಾಸೇಜನ್ನು ಮಗುಚಿ ಹಾಕುತ್ತ, ತೀರ ಮಾಮೂಲಿಯಾಗಿ ಹೇಳಿದಳು: "ನಾವು ಮಂಗಳವಾರವೇ ಉಂಡಾಯ್ತಲ್ಲ."

ಆಚುಮ್ಮನ ಕೈಯಲ್ಲಿದ್ದ ತೆಂಗಿನಕಾಯಿ ನಿಂತಿತು. ಬೆಟ್ಟಿ ಒಲೆ ಆರಿಸಿದಳು, ಕಾವಲಿ ಎತ್ತಿ ಸಿಂಕಿಗೆ ಒಗೆದಳು. ಆ ಸದ್ದಿಗೆ ಗಂಡಸರಿಬ್ಬರೂ ಮಕ್ಕಳೂ ಬಾಗಿಲಿಗೆ ಬಂದರು.

"ಯಾರು ಕೊಟ್ಟದ್ದು?" ಬೆಟ್ಟಿಯ ಧ್ವನಿ ಮೇಲಿನ ಮಹಡಿಗೆ ಕೇಳುವಷ್ಟು ಏರಿತು. "ಮಾಂಯ್ ಸತ್ತ ಮೇಲೆ ಈ ಮನೆಯಲ್ಲಿ ದೊಡ್ಡವರು ಯಾರು? ಸ್ವಂತ ಅಣ್ಣ ಕಣ್ಣ ಮುಂದೆ ಇರುವಾಗ ತಮ್ಮ ಹೊಸತು ಹಂಚಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ನಾವೆಂತ ಸತ್ತಿದ್ದೇವಾ? ಹದಿನೈದು ವರ್ಷ ನಿಮ್ಮ ಸಿಂಕಿನ ಹತ್ತಿರ ನಿಂತು ಸೊಪ್ಪು ಸೋಸಿದ್ದೇನೆ. ಒಂದು ದಿನ ನನ್ನ ಮನೆಗೆ ಬನ್ನಿ ಅಂದರೆ ಉಂಡು, ತೇಗಿ, ಸಾಸೇಜ್ ಹಿಡಿದುಕೊಂಡು ಬಂದಿರಾ? ನಾಚಿಕೆ ಆಗುದಿಲ್ಲವಾ ನಾರ್ಬರ್ಟ್?"

ನಾರ್ಬರ್ಟ್ ನೆಲ ನೋಡಿದ. ಲೂರ್ದಿನ ಮುಖ ಕೆಂಪಾಯಿತು. ಯಾರಾದರೂ ಕೂಗಿದರೆ ತಾನೂ ಕೂಗುವ ಹೆಂಗಸು ಅವಳು; ಈ ಸಲ ಮಾತ್ರ ಧ್ವನಿ ತಗ್ಗಿಸಿದಳು.

"ಬಾಯ್, ನಾವು ಕದ್ದು ಉಂಡದ್ದಲ್ಲ. ನಾರ್ಬರ್ಟ್ ಸೋಮವಾರ ಫೋನ್ ಮಾಡಿ ಕೇಳಿದ್ದಾರೆ. ಚರ್ಚಿನಲ್ಲಿ ತೆನೆ ಕೊಡ್ತಾರೆ, ಎಂತ ಮಾಡುದು ಅಂತ. ಅಲ್ಲಿಯೇ ಮಾಡಿ, ನೀನೇ ಕೊಡು, ಬೆಟ್ಟಿಗೆ ನಾನು ಹೇಳ್ತೇನೆ ಅಂದದ್ದು ಬಾಬ್. ನಿಮಗೆ ಗೊತ್ತುಂಟು ಅಂತ ನಾವು ಗ್ರಹಿಸಿದ್ದು. ಕೇಳಿ ಬೇಕಾದರೆ."

ಮನೆಯಲ್ಲಿ ಎಲ್ಲರೂ ಬಾಬ್ ಎಂದು ಕರೆಯುವುದು ಹಿರಿಯ ಮಗ ಪಾಯ್ಸನನ್ನೇ. ಬೆಟ್ಟಿ ಅವನ ಕಡೆ ತಿರುಗಿದಳು. ಹಬ್ಬಕ್ಕೆಂದು ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ.

"ಹೌದಾ?"

"ಅಲ್ಲ ಬೆಟ್ಟಿ... ಅವನು ಅಷ್ಟು ಕೇಳುವಾಗ ಬೇಡ ಅನ್ನುದು ಹೇಗೆ? ಯಾರು ಕೊಟ್ಟರೆ ಎಂತ? ಸುಮ್ಮನೆ ಗಲಾಟೆ ಯಾಕೆ ಅಂತ. ಎರಡು ಸಲ ಉಂಡರೆ ದೇವರು ಬೈಯುದಿಲ್ಲ, ಇಲ್ಲಿಯೂ ಒಂದು ಚಮಚ ಉಂಡರಾಯ್ತು ಅಂತ ಗ್ರಹಿಸಿದೆ. ನಿನಗೆ ಹೇಳುವಾ ಅಂತಲೇ ಇದ್ದೆ. ಹೋಗ್ಲಿ ಬಿ—"

"ಬಿಡುದಿಲ್ಲ!"

ತಾನು ಇಷ್ಟು ಹೊತ್ತು ಉರಿದದ್ದೆಲ್ಲ ತಪ್ಪು ಬಾಗಿಲ ಮುಂದೆ ಎಂದು ಬೆಟ್ಟಿಗೆ ಆಗ ತಿಳಿಯಿತು. ಲೂರ್ದ್ ಅವಳ ಊರನ್ನು ಹೀಯಾಳಿಸಿದ್ದಳು, ನಿಜ. ಆದರೆ ಕದ ತೆರೆದು ಮನೆಯನ್ನು ಎತ್ತಿ ಕೊಟ್ಟವನು ಒಳಗೇ ಇದ್ದ. ಸೋಮವಾರ ಫೋನಿಟ್ಟು ಬಂದು ಅವಳ ಎದುರಿಗೇ ಕುಳಿತು ಉಂಡಿದ್ದ. ಅವಳು ಏಳು ಬಗೆಗೆ ಯಾವ ಯಾವ ತರಕಾರಿ ಎಂದು ಕೇಳಿದಾಗ ಹೀರೆ ಇರಲಿ ಎಂದಿದ್ದ. ಬೆಟ್ಟಿಗೆ ಅಳು ಬಂತು, ಆ ಅಳುವಿನ ಮೇಲೂ ಸಿಟ್ಟು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಬಂದು ಮೂರ್ತಿಯ ಮುಂದಿನ ಬಟ್ಟಲು ಕೈಗೆತ್ತಿಕೊಂಡಳು.

"ಬೆಟ್ಟಿ, ಅದು ನಾನು..." ಎಂದ ಪಾಯ್ಸ್.

ಅವಳು ಅವನನ್ನು ದಾಟಿ ಹೋದಳು. ಶಿಲುಬೆಯ ಗುರುತು ಹಾಕಿದಳು. ಅಡುಗೆಮನೆಯಲ್ಲಿ ಆಚುಮ್ಮ ಕೂತಲ್ಲಿಗೇ ಹೋಗಿ ಚಮಚ ಮುಂದೆ ಹಿಡಿದಳು.

"ಕೈ ಚಾಚಿ ಆಚುಮ್ಮ."

"ನನಗಾ? ಅಲ್ಲ ಬೆಟ್ಟಿ, ಇದು ನಿಮ್ಮ ಮನೆಯವರಿಗೆ ಮಾತ್ರ ಅಲ್ಲವಾ?"

"ಈ ಮನೆಯಲ್ಲಿ ನಿಮ್ಮಷ್ಟು ದೊಡ್ಡವರು ಯಾರೂ ಇಲ್ಲ. ತಕ್ಕೊಳ್ಳಿ."

ಮುದುಕಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಬಿಸ್ಮಿ ಹೇಳಿ ಉಂಡರು. ಆಮೇಲೆ ಶಾರನ್. ಶಾನ್ ಮತ್ತು ಆನ್ ಮರಿಯಾ ತಾಯಿಯ ಮುಖ ನೋಡಿದರು. ಲೂರ್ದ್ ತಡೆಯದಿದ್ದಾಗ ಅವರೂ ಅಂಗೈ ಒಡ್ಡಿದರು, ಬೆಟ್ಟಿ ಮಕ್ಕಳಿಗೆ ಇಲ್ಲವೆನ್ನಲಿಲ್ಲ. ನಾರ್ಬರ್ಟ್ ತಲೆ ತಗ್ಗಿಸಿ ಬಂದ, ಅವನಿಗೂ ಹಾಕಿದಳು. ಲೂರ್ದ್ ಕೊನೆಗೆ ನೈಟಿಯ ಮೇಲೊಂದು ಶಾಲು ಎಳೆದುಕೊಂಡು ಬಂದು ನಿಂತಳು. ಅವಳಿಗೂ ಒಂದು ಚಮಚ.

ಪಾಯ್ಸ್ ಬಲಗೈ ಚಾಚಿದ. ಬಟ್ಟಲಿನಲ್ಲಿ ಒಬ್ಬರಿಗಾಗುವಷ್ಟು ಹಾಲಿತ್ತು. ಬೆಟ್ಟಿ ಅವನ ಅಂಗೈ ನೋಡಿದಳು, ಮುಖ ನೋಡಿದಳು.

"ನೀವು ಸೋಮವಾರವೇ ಫೋನಿನಲ್ಲಿ ಉಂಡಾಗಿದೆ" ಎಂದಳು.

ಬಟ್ಟಲನ್ನು ತುಟಿಗಿಟ್ಟು ಉಳಿದದ್ದನ್ನು ತಾನೇ ಕುಡಿದಳು. ಎಲ್ಲರಿಗೂ ಎಲೆ ಹಾಕಲು ಶಾರನ್‌ಗೆ ಹೇಳಿ, ಸಿಂಕಿನಲ್ಲಿ ಬಿದ್ದಿದ್ದ ಕಾವಲಿಯನ್ನು ತಿಕ್ಕಲು ತೊಡಗಿದಳು. ಪಾಯ್ಸ್ ಚಾಚಿದ ಕೈ ಹಿಂದೆಗೆಯದೆ ಅಲ್ಲೇ ನಿಂತಿದ್ದ.