ಸೊನ್ನೆ ಗುನ್ನೆ

"ನಾಯಿ ಕಳುವಿಗೆ ಹತ್ತಕ್ಕ ಎಂಟು ಹಾಕೀಯಲ್ಲ, ತಲಿಯೊಳಗ ಕುರಿ ಹಿಕ್ಕಿ ತುಂಬೇತೇನ ನಿಂದು?"

ಪ್ರವೀಣಕುಮಾರ ಈ ಮಾತನ್ನು ಅಂಜನಾಗೆ ಹೇಳಿದ್ದು ಇಪ್ಪತ್ತು ಜನರೆದುರು. ನವನಗರದ ಆ ಕಚೇರಿಗೆ ಅವನೇ ಸುಪರ್‌ವೈಸರ್. ಅಮೆರಿಕದ ಪೊಲೀಸರು ದಾಖಲಿಸಿದ ದೂರುಗಳು ಅಲ್ಲಿಯ ಕಂಪ್ಯೂಟರುಗಳಿಗೆ ಬರುತ್ತಿದ್ದವು. ಹುಡುಗಿಯರು ಅವನ್ನು ಓದಿ, ಯಾವ ಅಪರಾಧ ಎಷ್ಟು ಗಂಭೀರ ಎಂದು ಅಂಕ ಹಾಕಬೇಕು. ಕೊಲೆಗೆ ಹತ್ತು. ಚಾಕು ತೋರಿಸಿ ದೋಚಿದರೆ ಏಳು. ಅಂಗಳದ ಸೈಕಲ್ ಹೋದರೆ ಎರಡು. ಅವನ್ನೆಲ್ಲ ಕೂಡಿಸಿ, ಯಾವ ಶಹರ ಎಷ್ಟು ಅಪಾಯದ್ದು ಎಂದು ಅಲ್ಲಿಯವರಿಗೆ ತೋರಿಸುತ್ತಾರಂತೆ.

"ಆ ಮುದುಕಿಗೆ ನಾಯಿ ಬಿಟ್ರ ಯಾರೂ ಇಲ್ಲಂತ ಬರದಾರ್ರಿ ಸರ," ಎಂದಳು ಅಂಜನಾ.

"ನಿಮ್ಮವ್ವನ ಹಟ್ಟಿ ಅಲ್ಲ ಇದು. ಪುಸ್ತಕದಾಗ ಇದ್ದಂಗ ಹಾಕು."

ಅಂಕದ ನಿಯಮಗಳ ಪುಸ್ತಕದಲ್ಲಿ ನಾಯಿಗೆ ಎರಡೇ ಇತ್ತು. ಅಂಜನಾ ತಿದ್ದಿದಳು. ಆದರೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರೂ ಅದರಲ್ಲಿ ಸೊನ್ನೆ ಎಂಬ ಅಂಕ ಸಿಗಲಿಲ್ಲ. ತೋಟದ ಮಣ್ಣಿನ ಗೊಂಬೆ ಹೋದರೂ ಒಂದು ಹಾಕಬೇಕು.

ಅವಳು ಅದನ್ನು ಹುಡುಕಿದ್ದಕ್ಕೆ ಕಾರಣವಿತ್ತು. ಹೋದ ವಾರ ಅವರ ಹಟ್ಟಿಯಿಂದ ಒಂಬತ್ತು ಕುರಿ ಕಳುವಾಗಿದ್ದವು. ಬೇಲಿ ಕತ್ತರಿಸಿದ ಗುರುತಿತ್ತು, ಗಾಡಿಯ ಚಕ್ರದ ಗುರುತಿತ್ತು. ಅಪ್ಪ ಕನಕಪ್ಪ ಎರಡು ಸಲ ಠಾಣೆಗೆ ಹೋಗಿ, ದೂರು ಬರೆಸಲಾಗದೆ ಬರಿಗೈಲಿ ಬಂದಿದ್ದ. ಅಲ್ಲಿ ಏನಾಯಿತೆಂದು ಮನೆಯಲ್ಲಿ ಹೇಳಿರಲಿಲ್ಲ. ಒಂಬತ್ತು ಕುರಿಗೆ ಠಾಣೆ ಹಾಕಿದ ಅಂಕ ಮಾತ್ರ ಸೊನ್ನೆ.

ಮೂರನೆಯ ಸಲ ಅಂಜನಾ ಮತ್ತು ಅವ್ವ ಹನಮವ್ವ ಕೂಡ ಹೋದರು.

ಪಿ.ಎಸ್.ಐ. ಧರ್ಮರಾಜ ಕುರ್ಚಿಯಿಂದ ಏಳದೆಯೇ ಕನಕಪ್ಪನನ್ನು ನೋಡಿ ನಕ್ಕ. "ಬಂದ್ಯಾ ಮತ್ತ? ನಿನ್ನ ಕುರಿ ಹೆಂಗ ಒದರ್ತಾವ, ಇವತ್ತೂ ಒದರಿ ತೋರ್ಸಲೇ. ಹಂಗಾರ ಹುಡುಕಾಕ ಬರತೈತಿ."

ಅರವತ್ತು ದಾಟಿದ ಕನಕಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡ. ಹೆಂಡತಿಯ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. "ಬ್ಯಾ," ಎಂದ.

"ಜೋರಾಗಿ, ಬೋಳಿಮಗನ."

"ಬ್ಯಾ."

ಪೇದೆಗಳು ನಕ್ಕರು. ಮೂಲೆಯಲ್ಲಿ ಕೂತಿದ್ದ ರೈಟರ್ ಖಾಸಿಂಸಾಬ ಮಾತ್ರ ತಲೆ ಎತ್ತಲಿಲ್ಲ. ಠಾಣೆಯ ಬರವಣಿಗೆಯೆಲ್ಲ ಅವನದೇ.

"ಕೇಸ್ ಬರಕೊಳ್ರಿ ಸರ," ಎಂದಳು ಅಂಜನಾ.

"ಏನ್ ಬರಕೊಳ್ಳಲಿ? ಹೊಸ ವರ್ಷ ಹುಟ್ಟಿದಾಗಿಂದ ಈ ಠಾಣೆದಾಗ ಗುನ್ನೆ ಸೊನ್ನಿ, ಒಂದೂ ಕೇಸಿಲ್ಲ. ರಿಜಿಸ್ಟರ್ ಹಾಲಿನಂಗ ಬೆಳ್ಳಗೈತಿ. ಪ್ರಶಸ್ತಿಗೆ ನನ್ನ ಹೆಸರು ಹೋಗೈತಿ. ನಿಮ್ಮ ಒಂಬತ್ತು ಕುರಿ ಸಲುವಾಗಿ ಅದನ್ನ ಹೊಲಸ ಮಾಡ್ಕೊಳ್ಳಲೇನ? ಮೇಯಾಕ ಹೋಗಿ ದಾರಿ ತಪ್ಪ್ಯಾವ."

"ಬೇಲಿ ಕೊಯ್ದಾರ್ರಿ."

"ಹಟ್ಟಿಯೊಳಗ ಎಷ್ಟಿದ್ವು, ಈಗ ಎಷ್ಟದಾವ, ಏನ್ ಪುರಾವೆ? ನನ್ನ ಮುಂದ ಎಣಿಸಿ ತೋರಸ್ರಿ, ಆಮ್ಯಾಲ ಮಾತಾಡ್ರಿ. ನಡೀರಿ ಹೊರಗ."

ಮೂವರೂ ಊರ ದಾರಿ ಹಿಡಿದರು. ಕನಕಪ್ಪ ನಾಲ್ಕು ಮಾರು ಮುಂದೆ ನಡೆಯುತ್ತಿದ್ದ.

"ಆ ಅಮೇರಿಕಾದಾಗ ಭಾಳ ಕಳ್ಳರದಾರೇನ ತಂಗಿ? ದಿನಾ ಅಷ್ಟ್ ಓದ್ತೀ," ಎಂದಳು ಹನಮವ್ವ.

"ಅಲ್ಲಿ ಬರಕೋತಾರ ಯವ್ವಾ. ಇಲ್ಲಿ ಬರಕೊಳ್ಳೂದಿಲ್ಲ. ಕಳ್ಳರು ಎಲ್ಲಿ ಜಾಸ್ತಿ ಅಂತ ಯಾವನಿಗೆ ಗೊತ್ತು."

ಹನಮವ್ವ ಸ್ವಲ್ಪ ದೂರ ನಡೆದು ನಿಂತಳು. "ಎಣಿಸಿ ತೋರಸ್ರಿ ಅಂದನಲ್ಲ ಸಾಹೇಬ?"

"ಹೂಂ, ಅಂದ."

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ನಿಲ್ಲಲಾಗದೆ ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಅವ್ವ ಏನು ಯೋಚಿಸಿದ್ದಾಳೆಂದು ಹೊಳೆದದ್ದೇ ಅಂಜನಾಳೂ ಪಕ್ಕದಲ್ಲಿ ಕೂತು ನಕ್ಕಳು. ಕನಕಪ್ಪ ಹೊರಳಿ ನೋಡಿ, "ಇವಕ್ಕ ಏನ್ ಬಡದೈತಿ," ಎಂದುಕೊಂಡ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಿಂಡು ಠಾಣೆಯ ಗೇಟು ಹೊಕ್ಕಿತು; ಹಿಂದೆ ಅವ್ವ, ಅಪ್ಪ, ಅಂಜನಾ.

ಮುಂದಿದ್ದ ಟಗರು ಮೆಟ್ಟಿಲು ಹತ್ತಿದ್ದೇ ತಡ, ಉಳಿದವೆಲ್ಲ ಅದರ ಬಾಲ ಹಿಡಿದು ನುಗ್ಗಿದವು. ಪೇದೆಗಳು ಲಾಠಿ ತರುವಷ್ಟರಲ್ಲಿ ಲಾಠಿ ಇಡುವ ಕೋಣೆಯೇ ತುಂಬಿತ್ತು. ಬಾಗಿಲು ತೆರೆದಿದ್ದ ಲಾಕಪ್ಪಿನೊಳಗೆ ಮೂವತ್ತು ಹೋಗಿ ನಿಂತವು. ಟಗರು ಮೇಜಿನ ಮೇಲೆ ಮುಂಗಾಲಿಟ್ಟು ಗೋಡೆಯ ದೇವರ ಫೋಟೊಗೆ ಹಾಕಲು ತಂದಿದ್ದ ಚೆಂಡುಹೂವಿನ ಮಾಲೆ ತಿನ್ನತೊಡಗಿತು. ಧರ್ಮರಾಜ ಕುರ್ಚಿಯ ಮೇಲೆ ಹತ್ತಿದ.

"ಏನಿದು, ಹುಚ್ಚ ರಂಡೇರ?"

"ಎಣಿಸಿ ತೋರಸ್ರಿ ಅಂದಿದ್ರಲ್ರಿ ಸಾಹೇಬ್ರ," ಎಂದಳು ಹನಮವ್ವ. "ತಂದೇವಿ. ಎಣಿಸ್ರಿ."

ಸಿಟ್ಟಿನಲ್ಲಿ ಅವನು ಎಣಿಸಲು ಶುರುಮಾಡಿದ್ದೂ ಖರೆ. ನಲವತ್ತೇಳಕ್ಕೆ ಹೋಗುವಷ್ಟರಲ್ಲಿ ಹನಮವ್ವ ನಾಲಿಗೆಯಿಂದ ಟುರ್ ಎಂದಳು. ಈ ಕೋಣೆಯವು ಆ ಕೋಣೆಗೆ, ಆ ಕೋಣೆಯವು ಈ ಕೋಣೆಗೆ ಬಂದವು. ರಸ್ತೆಯಲ್ಲಿ ಬಸ್ಸು ನಿಂತಿತು. ಚಹದಂಗಡಿಯವರು ಕಾಂಪೌಂಡ್ ಗೋಡೆ ಹತ್ತಿ, "ಸಾಹೇಬ್ರ, ಲಾಕಪ್ಪಿನ್ಯಾವು ಎಣಿಸೂದು ಬಿಟ್ರಿ," ಎಂದು ಕೂಗಿದರು. ಖಾಸಿಂಸಾಬ ಕರವಸ್ತ್ರ ಬಾಯಿಗಿಟ್ಟುಕೊಂಡು ಕೆಮ್ಮಿದ. ಬಾಗಿಲಲ್ಲಿ ನಿಂತಿದ್ದ ಕನಕಪ್ಪ ಕೋಲಿಗೆ ಆತು ನಕ್ಕ. ನಗುತ್ತಲೇ ಅವನ ಕಣ್ಣಲ್ಲಿ ನೀರು ಇಳಿಯಿತು.

"ಕೇಸ್ ಜಡೀತೇನಿ ನಿಮ್ಮ ಮ್ಯಾಲ," ಎಂದ ಧರ್ಮರಾಜ. ಅವನ ದನಿ ಒಡೆದಿತ್ತು. "ಸರಕಾರಿ ಕೆಲಸಕ್ಕ ಅಡ್ಡಿ. ಬರಿ ಖಾಸಿಂಸಾಬ."

"ಖರೇನ ಬರೀಲೇನ್ರಿ ಸರ? ಈ ವರ್ಷದ್ದು..."

"ಬರಿ ಅಂದ್ನಲ್ಲಲೇ."

ಖಾಸಿಂಸಾಬ ಬಿಳಿ ರಿಜಿಸ್ಟರ್ ತೆರೆದು ಬರೆದ. ಗುನ್ನೆ ನಂಬರು ಒಂದು. ಆರೋಪಿ ಹನಮವ್ವ, ಗಂಡ ಕನಕಪ್ಪ. "ಕುರಿ ಎಷ್ಟಂತ ಬರೀಲ್ರಿ ಸರ?"

"ಅಕೀನ್ನ ಕೇಳು."

"ನೂರಾ ಎಪ್ಪತ್ತೊಂದ್ರಿ," ಎಂದಳು ಹನಮವ್ವ. "ನೂರಾ ಎಂಬತ್ತಿರಬೇಕಿತ್ತು."

ಖಾಸಿಂಸಾಬ ನೂರಾ ಎಪ್ಪತ್ತೊಂದು ಎಂದು ಅಕ್ಷರದಲ್ಲೂ ಬರೆದು ರಿಜಿಸ್ಟರನ್ನು ಮುಂದೆ ಸರಿಸಿದ. ಧರ್ಮರಾಜ ಕುರ್ಚಿಯ ಮೇಲೆ ನಿಂತಲ್ಲಿಂದಲೇ ಬಗ್ಗಿ ಸಹಿ ಹಾಕಿದ. ಹಾಕಿದ ಮೇಲೆ ತಾನು ಏನು ಮಾಡಿದೆನೆಂದು ಅವನಿಗೆ ತಿಳಿಯಿತು. ಪೆನ್ನು ಕೈಯಲ್ಲೇ ಉಳಿಯಿತು.

ಹನಮವ್ವ ಎರಡು ಮರಿಗಳನ್ನು ಮೊಣಕಾಲಿನಿಂದ ಸರಿಸಿ, ಅವನೆದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಸೊನ್ನಿ ಅಂತೂ ಹೋತು ಸಾಹೇಬ್ರ. ಇನ್ನ ಎರಡನೇದು ಬರೀರಿ. ನಮ್ಮ ಒಂಬತ್ತು."

ಖಾಸಿಂಸಾಬ ಸಾಹೇಬನ ಮುಖ ನೋಡಲಿಲ್ಲ. ಹಾಳೆ ತಿರುವಿದ.