ಅಮ್ಮಾಜಮ್ಮನ ಬೆಳ್ಳಿ ಬ್ರೋಚು

ಹಮೀದಾ ಬೇಗಂ ಹುಣಿಸೆಹುಳಿ, ಬೂದಿ ಸೇರಿಸಿ ಬೆಳ್ಳಿ ಬ್ರೋಚನ್ನು ಉಜ್ಜುತ್ತಿದ್ದಳು. ಹಜಾರದಲ್ಲಿ ಗಂಡ ದಸ್ತಗಿರ್ ಹೆಣಕ್ಕೆ ಹೊದಿಸುವ ಬಿಳಿ ಕಫನ್ ಹೊದ್ದು ಮಲಗಿದ್ದ. ಚಿಂತಾಮಣಿಯಲ್ಲಿ ಹಳೇ ಬೆಳ್ಳಿ ತೊಳೆಯುವುದರಲ್ಲಿ ಅವನನ್ನು ಮೀರಿಸುವವರು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅವನು ತೊಳೆದ ಬ್ರೋಚನ್ನು ಇಲ್ಲಿ ಬಿಸಿಲಿಗೆ ಹಿಡಿದರೆ ಅಲ್ಲಿ ಶಿಡ್ಲಘಟ್ಟದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಲವತ್ತು ವರ್ಷ ಆಸಿಡ್ಡಿನ ಹೊಗೆ ಅವನ ಎದೆಯನ್ನೂ ತೊಳೆದಿತ್ತು, ಚೂರೂ ಉಳಿಸದೆ.

“ಅಮ್ಮೀ, ಇವತ್ತೂ ಪಾತ್ರೆ ತಿಕ್ತಾ ಕೂತವ್ಳೆ ಅಂತ ಜನ ಆಡ್ಕೊಳ್ತಾರೆ,” ಎಂದ ಮಗ ಮುಜಮ್ಮಿಲ್.

“ಆಡ್ಕೊಳ್ಲಿ. ಇನ್ನೊಬ್ಬರು ನಂಬಿ ಕೊಟ್ಟ ಅಮಾನತ್ತು ಮನೇಲಿಟ್ಕೊಂಡು ನಿಮ್ಮಪ್ಪನ್ನ ಎತ್ತೋ ಹಂಗಿಲ್ಲ. ಅಮ್ಮಾಜಮ್ಮ ಬರ್ಲಿ.”

“ಮೇಲೂರಲ್ಲಿ ಬಸ್ ಹತ್ತಿದಾರಂತೆ.”

*

ಮೂರು ದಿನದ ಹಿಂದೆ, ಮಾತಿಗೆ ಹತ್ತು ಸಲ ಕೆಮ್ಮುತ್ತ, ದಸ್ತಗಿರ್ ಅದನ್ನು ಅವಳ ಕೈಗಿಟ್ಟಿದ್ದ.

“ಮುರಿದಿದ್ದ ಸೂಜಿ ಬೆಸುಗೆ ಆಯ್ತು. ಅಮ್ಮಾಜಮ್ಮಂಗೆ ಹಿಂಗೇ ಕೊಟ್ಬಿಡು.”

“ಹಿಂಗೇನಾ? ಬಾಣಲೆ ತಳ ಇದ್ದಂಗಿದೆ.”

“ಹಿಂಗೇ ಕಣೇ.”

ಕೈಲಾಗದವನ ಮಾತೆಂದುಕೊಂಡಳು. ದಸ್ತಗಿರನ ಕೊನೆಯ ಕೆಲಸ ಕೊಳಕಾಗಿತ್ತೆಂದು ನಾಲ್ಕು ತಾಲ್ಲೂಕು ನಕ್ಕರೆ ಅವಳು ತಲೆಯೆತ್ತಿ ತಿರುಗುವುದು ಹೇಗೆ?

*

ಎಪ್ಪತ್ತು ದಾಟಿದ ಅಮ್ಮಾಜಮ್ಮ ಬಂದು ಗೋಡೆಗೊರಗಿ ಕೂತಳು. ಹಮೀದಾ ಬ್ರೋಚನ್ನು ಅವಳ ಅಂಗೈಗಿಟ್ಟಳು. ಸೂರ್ಯನ ಮರಿಯಂತೆ ಹೊಳೆಯುತ್ತಿತ್ತು. ಅಮ್ಮಾಜಮ್ಮ ಅದನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.

“ಇದ್ರ ಮೇಲೆ ನಮ್ಮಮ್ಮ ಇದ್ಲು.”

“ಯಾರು?”

“ನನ್ನ ಹೆತ್ತು ಸತ್ತೋದ್ಲಲ್ಲ, ಅವ್ಳು. ಫೋಟೋ ಇಲ್ಲ. ನಮ್ಮಪ್ಪ ನೆನಪಲ್ಲಿ ಹೇಳಿ ಕೊರೆಸಿದ ಮುಖ. ಬೆಳ್ಳಿ ಸವೆದು, ಗೆರೇಲಿ ಕೂತ ಕಪ್ಪಲ್ಲೇ ಕಾಣ್ತಿತ್ತು. ಬೇರೇರಿಗೆ ಬರೀ ಗೀಚು. ದಸ್ತಗಿರಪ್ಪ ಆ ಕಪ್ಪನ್ನ ಒಂದಿನಾನೂ ಮುಟ್ಟಿರ್ಲಿಲ್ಲ ಕಣಮ್ಮ.”

ಹಮೀದಾಳ ಉಗುರುಸಂದಿಯಲ್ಲಿ ಬೂದಿ ಇನ್ನೂ ಒದ್ದೆಯಿತ್ತು.

“ಅವರಲ್ಲಮ್ಮ. ನಾನು ಉಜ್ಜಿದ್ದು. ಹಿಂಗೇ ಕೊಡು ಅಂದಿದ್ರು.”

ಹೊರಗೆ ಮುಜಮ್ಮಿಲ್, ಹೆಣ ಎತ್ತುವ ಮುಂಚಿನ ವಾಡಿಕೆಯಂತೆ, ನೆರೆದವರನ್ನು ಕೇಳಿದ: “ನಮ್ಮಪ್ಪನ ಹತ್ರ ಯಾರದಾದ್ರೂ ವಸ್ತು ಉಳಿದಿದ್ರೆ ಈಗ್ಲೇ ಹೇಳ್ಬಿಡಿ.”

ಹಮೀದಾ ಅಮ್ಮಾಜಮ್ಮನ ತುಟಿಯನ್ನೇ ನೋಡುತ್ತಿದ್ದಳು.

“ನಂದು ನಂಗೆ ಬಂತಪ್ಪ,” ಅಂದಳು ಅಮ್ಮಾಜಮ್ಮ. “ಎತ್ತಿ.”

ಗಂಡಸರು ಹೆಗಲು ಕೊಟ್ಟರು. ಹಜಾರ ಖಾಲಿಯಾಯಿತು. ಅಮ್ಮಾಜಮ್ಮ ಮಾತ್ರ ಕೂತೇ ಇದ್ದಳು; ಹೆಬ್ಬೆರಳು ನುಣ್ಣನೆಯ ಬೆಳ್ಳಿಯ ಮೇಲೆ ಮೆಲ್ಲಗೆ, ಒಂದು ಹುಬ್ಬು ಇದ್ದ ಕಡೆ, ಒಂದು ಮೂಗು ಇದ್ದ ಕಡೆ, ಜಾರುತ್ತಿತ್ತು.